ಮಣ್ಣವ್ವನ ಡಬ್ಬಿ

ಕೆಮ್ಮಣ್ಣೂರಿನಲ್ಲಿ ಯಾರ ಮನೆಯಿಂದಲೂ ಡಬ್ಬಿ ಖಾಲಿಯಾಗಿ ಮರಳುವುದಿಲ್ಲ. ಪಕ್ಕದ ಮನೆಯವರು ಚಟ್ನಿಪುಡಿ ಕೊಟ್ಟರೆ, ಆ ಡಬ್ಬಿ ವಾಪಸು ಹೋಗುವಾಗ ಅದರಲ್ಲಿ ಒಂದು ಹಿಡಿ ಶೇಂಗಾ ಆದರೂ ಇರಬೇಕು. ಅದೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ. ಧಾರವಾಡದ ಕಡೆಯಿಂದ ಮಂಗಳ ಗ್ರಹಕ್ಕೆ ಹೊರಟು ಬಂದ ಹಿರಿಯರು ಈ ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದರು. ನೌಕೆಯಲ್ಲಿ ಬಟ್ಟೆಬರೆಗೆ ತೂಕದ ಮಿತಿ ಇತ್ತು, ರೀತಿರಿವಾಜಿಗೆ ಇರಲಿಲ್ಲ.

ಇದರಿಂದ ರೋಸಿಹೋದವರು ಮಣ್ಣುಮನೆಯವರು. ಮಣ್ಣುಮನೆ ಎಂದರೆ ಊರಿನ ಪ್ರಯೋಗಾಲಯ. ಬಿತ್ತನೆಗೆ ಮೊದಲು ಅಲ್ಲಿಂದ ಮನೆಮನೆಗೂ ಒಂದೊಂದು ಡಬ್ಬಿ ಮಣ್ಣಿನ ಹೆಪ್ಪು ಹೋಗುತ್ತದೆ. ಮನೆಯವರು ಅದನ್ನು ತಮ್ಮ ಗಾಜಿನ ಚಾವಣಿಯ ಕೆಳಗಿನ ಮೆಂತ್ಯೆ, ಉಳ್ಳಾಗಡ್ಡಿ ಪಾತಿಗೆ ಬೆರೆಸಿ, ಡಬ್ಬಿ ತಿರುಗಿಸಬೇಕು. ತಿರುಗಿಸುತ್ತಾರೆ, ಆದರೆ ತಳದಲ್ಲಿ ಒಂದು ಚಿಟಿಕೆ ತಮ್ಮ ಮನೆಯ ಪಾತಿಯ ಮಣ್ಣು ಹಾಕಿ. 'ದಯವಿಟ್ಟು ಡಬ್ಬಿಗಳನ್ನು ತೊಳೆದು ಖಾಲಿಯಾಗಿ ಕೊಡಿ' ಎಂದು ಊರ ಮುಖ್ಯಸ್ಥ ಗುರುಸಿದ್ದಪ್ಪನವರು ಪ್ರತಿ ಸಲ ಪ್ರಕಟಣೆ ಹೊರಡಿಸುತ್ತಿದ್ದರು. ಜನ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದರು. ಕೊನೆಗೆ ಮಣ್ಣುಮನೆಯ ಬಾಗಿಲಲ್ಲೇ ಒಂದು ಹಬೆಕೋಣೆ ಕಟ್ಟಿಸಿದರು. ಬಂದ ಡಬ್ಬಿಯನ್ನು ಮುಚ್ಚಳ ಸಮೇತ ಕಾದ ಹಬೆಯಲ್ಲಿ ಬೇಯಿಸಿ, ಒಳಗಿನ ಜೀವವನ್ನೆಲ್ಲ ಕೊಂದ ಮೇಲೇ ಒಳಗೆ ಬಿಡುವುದು. ಆ ಕೋಣೆಯ ಉಸ್ತುವಾರಿ ಖಾಜಾಸಾಬನದು. ಅವನ ಮನೆಯ ಡಬ್ಬಿಯಲ್ಲೂ ಚಿಟಿಕೆ ಮಣ್ಣು ಇರುತ್ತಿತ್ತು ಎಂಬುದು ಬೇರೆ ಮಾತು.

ಮಣ್ಣುಮನೆಯ ಮೇಲ್ವಿಚಾರಕಿ ದಾಕ್ಷಾಯಣಿಗೆ ಈ ಚಿಟಿಕೆ ಮಣ್ಣಿನ ಬಗ್ಗೆ ಸಿಟ್ಟೂ ಇರಲಿಲ್ಲ, ಗೌರವವೂ ಇರಲಿಲ್ಲ. ಆ ವರ್ಷ ಅವಳ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ. ಜೋಳದ ಹೊಲ ಹಳದಿಯಾಗುತ್ತಿತ್ತು.

ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಉಪ್ಪಿನ ಜಾತಿಯ ವಿಷವಿದೆ. ಅಲ್ಲಿ ಬೆಳೆದದ್ದನ್ನು ಹಾಗೇ ತಿಂದರೆ ಗಂಟಲಿನ ಗ್ರಂಥಿ ಕೆಡುತ್ತದೆ. ಆ ವಿಷವನ್ನೇ ತಿಂದು, ಬದಲಿಗೆ ಅಡುಗೆಯ ಉಪ್ಪಿನಂಥ ನಿರುಪದ್ರವಿ ಲವಣವನ್ನೂ ಒಂದಿಷ್ಟು ಆಮ್ಲಜನಕದ ಗುಳ್ಳೆಗಳನ್ನೂ ಬಿಡುವ ಸೂಕ್ಷ್ಮಜೀವಿಗಳಿವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅವನ್ನು ಮಣ್ಣಿಗೆ ಹಾಕಿದರೆ ಮಣ್ಣು ಮಣ್ಣಾಗುತ್ತದೆ. ಹೊಲಕ್ಕೆ ಹಾಯಿಸುವ ನೀರು ನೆಲದಡಿಯ ಹಿಮ ಕರಗಿಸಿದ್ದಾದ್ದರಿಂದ ವಿಷ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ, ಹೆಪ್ಪು ಹಾಕುತ್ತಲೇ ಇರಬೇಕು.

ಈ ಹೆಪ್ಪನ್ನು ಕಂಡುಹಿಡಿದು ಇಲ್ಲಿಯ ಚಳಿಗೆ ಪಳಗಿಸಿದವರು ಡಾ. ನೀಲಗಂಗಾ ಬೆಳವಡಿ. ಊರ ಜನರ ಬಾಯಲ್ಲಿ ಮಣ್ಣವ್ವ. ಆಕೆಯ ಕಥೆ ಇಲ್ಲಿಯ ಮಕ್ಕಳಿಗೆ ಬಾಯಿಪಾಠ. ತಾಯಿ ಮೊಸರಿನ ಗಡಿಗೆ ಹೊತ್ತು ಬೆಳಗಿನ ಪ್ಯಾಸೆಂಜರ್ ರೈಲಿಗೆ ಧಾರವಾಡಕ್ಕೆ ಹೋಗಿ ಮಾರುತ್ತಿದ್ದಳು. ಮಗಳು ಗಡಿಗೆಗಳ ನಡುವೆಯೇ ಕೂತು ಓದಿ ಮಣ್ಣಿನ ವಿಜ್ಞಾನಿಯಾದಳು. ಮೊದಲ ತಂಡದೊಂದಿಗೆ ಇಲ್ಲಿಗೆ ಬಂದಾಗ, ಇಲ್ಲಿ ಹುಲ್ಲೂ ಹುಟ್ಟುವುದಿಲ್ಲ ಎಂದು ದೊಡ್ಡ ದೊಡ್ಡವರೆಲ್ಲ ಬರೆದಿಟ್ಟಿದ್ದರು. ಜನ ಪೊಟ್ಟಣದ ಹಿಟ್ಟು ಕಲಸಿಕೊಂಡು ತಿನ್ನುತ್ತಿದ್ದರು. ಆಕೆಯ ಮೊದಲ ಬೆಳೆ ಮೊಳಕೆಯಲ್ಲೇ ಸತ್ತಿತು, ಎರಡನೆಯದು ಮೊಣಕಾಲೆತ್ತರಕ್ಕೆ ಬಂದು ಸುಟ್ಟುಹೋಯಿತು. ಆಕೆ ಅಳಲಿಲ್ಲ ಎಂದು ಪಾಠದಲ್ಲಿದೆ. ಅತ್ತಳು, ಎದ್ದು ಮೂಗು ಒರೆಸಿಕೊಂಡು ಮತ್ತೆ ಹೆಪ್ಪು ಹಾಕಿದಳು ಎಂದು ಮುದುಕಿಯರು ಹೇಳುತ್ತಾರೆ. ದಾಕ್ಷಾಯಣಿಗೆ ಮುದುಕಿಯರ ಮಾತೇ ಹೆಚ್ಚು ಇಷ್ಟ.

ಮೊದಲ ಜೋಳ ಬಂದಾಗ ಒಂದೇ ಒಂದು ರೊಟ್ಟಿ ಆಯಿತಂತೆ. ಇಡೀ ಊರು ಅದನ್ನು ಚೂರು ಚೂರು ಹಂಚಿಕೊಂಡಿತು. ಕಹಿಯಾಗಿತ್ತು, ಯಾರೂ ಉಗುಳಲಿಲ್ಲ. ಮುಂದೆ ಭೂಮಿಯಲ್ಲಿ ಆಕೆಗೊಂದು ದೊಡ್ಡ ಪ್ರಶಸ್ತಿ ಬಂದು, ಬಂದು ಸ್ವೀಕರಿಸಿ ಎಂದು ಕರೆ ಬಂತು. ಹೆಪ್ಪು ಹಾಕಿದ್ದೇನೆ, ಬಿಟ್ಟು ಬರಲಾಗದು ಎಂದು ಹೇಳಿ ಕಳಿಸಿ ಸುಮ್ಮನಾದಳು. ಇವತ್ತು ಕೆಮ್ಮಣ್ಣೂರಿನಲ್ಲಿ ಯಾರೇ ಊಟಕ್ಕೆ ಕೂತರೂ ಮೊದಲ ತುತ್ತು ಮುರಿಯುವ ಮುನ್ನ 'ಮಣ್ಣವ್ವನ ಪುಣ್ಯ' ಎನ್ನುತ್ತಾರೆ. ದೇವರ ಹೆಸರು ಅದಾದ ಮೇಲೆ.

ಅಂಥವಳು ತೀರಿಕೊಂಡಾಗ ಊರು ತನ್ನ ಕೃತಜ್ಞತೆಯನ್ನು ತೋರಿಸಿದ್ದು ಹೀಗೆ. ಆಕೆಯ ಹೆಪ್ಪಿನಲ್ಲಿ ಒಂದು ಎಳೆಯಷ್ಟೂ ಬದಲಾವಣೆ ಆಗಕೂಡದು ಎಂದು ತೀರ್ಮಾನಿಸಿದರು. ಆಕೆ ಹೆಪ್ಪು ಬೆಳೆಸುತ್ತಿದ್ದ ಗಡಿಗೆಯಲ್ಲಿದ್ದುದನ್ನು ಸಣ್ಣ ಗಾಜಿನ ನಳಿಕೆಗಳಲ್ಲಿ ತುಂಬಿ ಹಿಮಕೋಣೆಯಲ್ಲಿ ಹೆಪ್ಪುಗಟ್ಟಿಸಿದರು. ಪ್ರತಿ ಹಂಗಾಮಿಗೂ ಅಲ್ಲಿಂದಲೇ ಒಂದಿಷ್ಟು ತೆಗೆದು ಹೊಸದಾಗಿ ಬೆಳೆಸುವುದು. ಆಕೆ ಬದುಕಿದ್ದಾಗ ಸ್ವಂತ ಕೈಯಿಂದ ಮುಚ್ಚಿದ ಒಂದು ನಳಿಕೆಯನ್ನು ಮಾತ್ರ ಯಾರೂ ಮುಟ್ಟದ ಹಾಗೆ ಪ್ರತ್ಯೇಕ ಇಟ್ಟರು. ಮಣ್ಣವ್ವನ ಜಯಂತಿಯ ದಿನ ಹಿಮಕೋಣೆಯ ಬಾಗಿಲು ತೆರೆದು ಜನರಿಗೆ ಅದರ ದರ್ಶನ ಮಾಡಿಸುತ್ತಿದ್ದರು.

ಈಗ ಹೊಲದಲ್ಲಿ ಆ ಹೆಪ್ಪು ಸಾಯುತ್ತಿತ್ತು. ಹೊಲದ ಮಣ್ಣನ್ನು ವಿಷದ ನೀರಿನ ಸೀಸೆಯಲ್ಲಿ ಹಾಕಿಟ್ಟರೆ ಗುಳ್ಳೆ ಏಳಬೇಕು, ಒಂದೂ ಏಳುತ್ತಿರಲಿಲ್ಲ. ದಾಕ್ಷಾಯಣಿ ಸೂಕ್ಷ್ಮದರ್ಶಕದ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಕಾರಣ ಹುಡುಕಿದಳು. ಅದೊಂದು ವೈರಸ್. ಮನುಷ್ಯರ ತಂಟೆಗೆ ಬರುವಂಥದ್ದಲ್ಲ, ಸೂಕ್ಷ್ಮಜೀವಿಗಳನ್ನು ಮಾತ್ರ ಹೊಕ್ಕು ಒಳಗಿಂದ ಒಡೆದು ಹಾಕುವಂಥದ್ದು. ಮಣ್ಣುಮನೆಯಲ್ಲಿ ಹೊಸದಾಗಿ ಬೆಳೆಸಿದ ಹೆಪ್ಪನ್ನೂ ಅದು ಹೊಲಕ್ಕೆ ಬೀಳುತ್ತಲೇ ಮುಗಿಸುತ್ತಿತ್ತು.

ನಿಯಂತ್ರಣ ಕೋಣೆಯಲ್ಲಿ ಸಭೆ ಸೇರಿತು. ಗುರುಸಿದ್ದಪ್ಪನವರು ಪರದೆಯ ಮೇಲೆ ಊರಿನ ಉಗ್ರಾಣದ ಸ್ಥಿತಿ ತೋರಿಸಿದರು. ಮುಂದಿನ ಬೆಳೆ ಬರದಿದ್ದರೆ ಊರನ್ನು ಖಾಲಿ ಮಾಡಬೇಕು. ಬೇರೆ ದೇಶದವರ ನೆಲೆಗಳು ತಲಾ ಒಂದಿಷ್ಟು ಮನೆಯವರನ್ನು ಸೇರಿಸಿಕೊಳ್ಳಲು ಒಪ್ಪಿದ್ದವು. ಹಾಗಾದರೆ ಅಣ್ಣ ಒಂದು ಕಡೆ, ತಂಗಿ ಒಂದು ಕಡೆ. ಕನ್ನಡ ಮಾತಾಡಲು ಇನ್ನೊಬ್ಬರು ಸಿಕ್ಕರೆ ಅದೃಷ್ಟ. ಭೂಮಿಯಿಂದ ಹೊಸ ಹೆಪ್ಪು ತರಿಸೋಣವೆಂದರೆ ನೌಕೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ದಾಕ್ಷಾಯಣಿ ಎದ್ದು ನಿಂತು ಮಣ್ಣವ್ವನ ಕೈಯ ನಳಿಕೆ ಒಡೆಯಬೇಕು ಎಂದಳು. ನಕಲಿನ ನಕಲು ಮಾಡಿ ಮಾಡಿ ನಮ್ಮ ಹೆಪ್ಪು ಸೊರಗಿರಬಹುದು, ಮೂಲದಲ್ಲಿ ಕಸುವು ಇದ್ದೀತು ಎಂಬುದು ಅವಳ ವಾದ.

"ಅದು ಹೋತಂದ್ರ ಮಣ್ಣವ್ವನ ಗುರುತು ಅಂತ ನಮ್ಮ ಕಡೆ ಏನೂ ಉಳಿಯೂದಿಲ್ಲ ನೋಡವಾ," ಎಂದರು ಗುರುಸಿದ್ದಪ್ಪನವರು. "ನಿನ್ನ ಮ್ಯಾಲ ಭಾರ ಹಾಕೀನಿ."

ಅವಳು ನಳಿಕೆ ಒಡೆದಳು. ಖಾಜಾಸಾಬ ಪಕ್ಕದಲ್ಲೇ ನಿಂತಿದ್ದ. ಒಳಗಿದ್ದುದು ಚೆನ್ನಾಗಿಯೇ ಎಚ್ಚೆತ್ತಿತು, ಬೆಚ್ಚಗಿನ ಪಾತ್ರೆಯಲ್ಲಿ ಗುಳ್ಳೆಯಾಡಿತು. ಮಣ್ಣುಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೊಲದ ಮಣ್ಣು ಬೆರೆಸಿದರು. ಮಾರನೆಯ ದಿನ ಬಂದು ನೋಡಿದರೆ ಪಾತ್ರೆ ತಿಳಿನೀರಾಗಿತ್ತು. ಒಂದು ಗುಳ್ಳೆ ಇಲ್ಲ. ವೈರಸ್ಸಿಗೆ ಮೂಲವೂ ಒಂದೇ, ನಕಲೂ ಒಂದೇ. ಆ ಹೆಪ್ಪು ಇಷ್ಟು ಕಾಲ ಮಂಜಿನಲ್ಲಿ ಮಲಗಿತ್ತೇ ಹೊರತು ಯಾವ ಶತ್ರುವಿನ ಮುಖವನ್ನೂ ನೋಡಿರಲಿಲ್ಲ.

ಖಾಲಿ ನಳಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ದಾಕ್ಷಾಯಣಿ ಮನೆಗೆ ಬಂದಳು. ಅದನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಸಿಕ್ಕವರು ಯಾರೂ ಏನೂ ಕೇಳಲಿಲ್ಲ. ಕೇಳಿ ಬೈದಿದ್ದರೇ ಅವಳಿಗೆ ಸಮಾಧಾನ ಆಗುತ್ತಿತ್ತು.

ಮನೆಯಲ್ಲಿ ಅತ್ತೆ ಸಂಗವ್ವ ಪಾತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಳು. ದಾಕ್ಷಾಯಣಿಯ ಗಂಡ ಮಲ್ಲೇಶಿ ಹಿಮದ ಗಣಿಯಿಂದ ಆಗಷ್ಟೇ ಬಂದು, ಬೂಟಿನ ಕೆಂಪು ಧೂಳನ್ನು ಪಾತಿಯ ಮೇಲೆ ಕೊಡವುತ್ತಿದ್ದ. ಹೊರಗಿನ ಧೂಳನ್ನು ಮನೆಯ ಪಾತಿಗೇ ಕೊಡವಬೇಕು ಎನ್ನುವುದು ಮಣ್ಣವ್ವ ಹಾಕಿಕೊಟ್ಟ ರೂಢಿ. ಏಕೆಂದು ಯಾರೂ ಕೇಳಿಕೊಂಡವರಲ್ಲ. ಸಂಗವ್ವ ಮಣ್ಣುಮನೆಯ ಡಬ್ಬಿಯನ್ನು ಒರೆಸಿ, ಪಾತಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ಅದರೊಳಗೆ ಹಾಕಿದಳು.

ದಾಕ್ಷಾಯಣಿಗೆ ಎಲ್ಲಿತ್ತೋ ಸಿಟ್ಟು. ಹೆಪ್ಪೇ ಸತ್ತಿದೆ, ಇನ್ನು ಈ ಡಬ್ಬಿ ಯಾರಿಗೆ, ಈ ಮಣ್ಣು ಏತಕ್ಕೆ, ಖಾಜಾಸಾಬ ಇದನ್ನು ಬೇಯಿಸಿ ಚೆಲ್ಲುವುದು ನಿಮಗೆ ಗೊತ್ತಿಲ್ಲವೇ ಎಂದು ಹರಿಹಾಯ್ದಳು. ಮಲ್ಲೇಶಿ ಮೆಲ್ಲಗೆ ಒಳಗೆ ಸರಿದುಕೊಂಡ. ಸಂಗವ್ವ ಸೊಸೆಯ ಮುಖ ನೋಡಿದಳು. ಬೈಗುಳವೆಲ್ಲ ತನಗಲ್ಲ ಎಂಬುದು ಅವಳಿಗೆ ಗೊತ್ತಾಯಿತು.

"ಖಾಲಿ ಡಬ್ಬಿ ಹೆಂಗ ಕೊಡೂದವಾ ದಾಕ್ಷಿ," ಎಂದಳು. "ಬೇಯಿಸೂದು ಅವರ ಪದ್ಧತಿ. ಹಾಕಿ ಕೊಡೂದು ನಮ್ಮ ಪದ್ಧತಿ. ನಾ ಸಣ್ಣಾಕಿದ್ದಾಗ ನಮ್ಮವ್ವನ ಜೋಡಿ ಡಬ್ಬಿ ಕೊಡಾಕ ಹೋಗಿದ್ನಿ. ಮಣ್ಣವ್ವ ಮುಚ್ಚಳ ತಗದು ಮೂಸಿ ನೋಡಿ, ಗಡಿಗ್ಯಾಗ ಸುರಕೊಂಡ್ಳು. ನನ್ನ ಕೈಯಾಗ ಬೆಲ್ಲದ ಚೂರು ಇಟ್ಟು, ನಿಮ್ಮನಿ ಮಣ್ಣು ಮುಟ್ಟೇತಿ ಅಂತ ನಿಮ್ಮವ್ವಗ ಹೇಳು ಅಂದ್ಳು."

ದಾಕ್ಷಾಯಣಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಯಾವ ಗಡಿಗ್ಯಾಗ ಅತ್ಯಾರ? ಕಸದ ಗಡಿಗ್ಯಾಗೋ, ಹೆಪ್ಪಿನ ಗಡಿಗ್ಯಾಗೋ?"

"ಆಗ ಇದ್ದದ್ದ ಒಂದು ಗಡಿಗಿ. ಎರಡು ಎಲ್ಲಿದ್ವು?"

ಮೊಸರಿನವಳ ಮಗಳು. ದಾಕ್ಷಾಯಣಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಮನೆಯ ಮೊಸರು ಕೆಟ್ಟರೆ ಯಾವ ಹೆಂಗಸು ತಾನೇ ಹಿಮದಲ್ಲಿ ಮುಚ್ಚಿಟ್ಟ ಹೆಪ್ಪು ಹುಡುಕುತ್ತಾಳೆ? ಪಕ್ಕದ ಮನೆಗೆ ಬಟ್ಟಲು ಹಿಡಿದುಕೊಂಡು ಹೋಗುತ್ತಾಳೆ. ಮಣ್ಣವ್ವ ಹೆಪ್ಪನ್ನು ಹಂಚಿದ್ದು ಪಾತಿಗಳ ಮೆಂತ್ಯೆಗಾಗಿ ಮಾತ್ರ ಅಲ್ಲ. ಪ್ರತಿಯೊಂದು ಮನೆಯ ಪಾತಿಯಲ್ಲೂ ಅದು ಬೂಟಿನಿಂದ ಕೊಡವಿದ ಹೊರಗಿನ ಧೂಳು ತಿಂದು, ಆ ಧೂಳಿನ ಜೊತೆ ಬಂದ ರೋಗ ಕಂಡು, ಸತ್ತದ್ದು ಸತ್ತು ಉಳಿದದ್ದು ಗಟ್ಟಿಯಾಗಿ, ಚಿಟಿಕೆಯಾಗಿ ಗಡಿಗೆಗೆ ಮರಳಿ ಬರಲಿ ಎಂದು. ಡಬ್ಬಿ ಖಾಲಿ ಬರುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ತನ್ನ ಜನ ಎಂಥವರು ಎಂದು ಬಲ್ಲವಳು ಆಕೆ, ಅದಕ್ಕೇ ಯಾರಿಗೂ ಬಿಡಿಸಿ ಹೇಳಲೂ ಇಲ್ಲ. ಹೇಳಿದ್ದರೆ ಅದೊಂದು ನಿಯಮವಾಗಿ, ಯಾರಾದರೂ ಒಂದು ದಿನ ಅದನ್ನು ಮುರಿಯುತ್ತಿದ್ದರು. ಹೇಳದೇ ಇದ್ದದ್ದರಿಂದ ಅದು ಮರ್ಯಾದೆಯಾಗಿ ಉಳಿಯಿತು. ಮುರಿದವರು ಮಣ್ಣುಮನೆಯವರು ಮಾತ್ರ, ಅದೂ ಆಕೆಯ ಮೇಲಿನ ಭಕ್ತಿಯಿಂದ.

ಅವಳು ಡಬ್ಬಿ ಕಸಿದುಕೊಂಡು ಎದ್ದಳು. ಆ ಹೊತ್ತಿಗೆ ಊರಿನ ಡಬ್ಬಿಗಳೆಲ್ಲ ಹಬೆಕೋಣೆಯ ಬಾಗಿಲಲ್ಲಿ ಬಂದು ಬಿದ್ದಿರುತ್ತವೆ ಎಂದು ನೆನಪಾಯಿತು. ಓಣಿಯುದ್ದಕ್ಕೂ ಓಡಿದಳು. ಮಂಗಳದಲ್ಲಿ ಮೈ ಹಗುರ, ಓಡಿದರೆ ನೆಗೆದು ನೆಗೆದು ಹೋಗುತ್ತದೆ. ಮರ್ಯಾದಸ್ಥರು ಯಾರೂ ಹಾಗೆ ಓಡುವುದಿಲ್ಲ. ಮಣ್ಣುಮನೆಯ ಮೇಲ್ವಿಚಾರಕಿ ಡಬ್ಬಿ ಎದೆಗವಚಿಕೊಂಡು ಚಿಗರೆಯ ಹಾಗೆ ಹೋದದ್ದನ್ನು ಊರು ಬಹಳ ದಿನ ಆಡಿಕೊಂಡಿತು.

ಹಬೆಕೋಣೆ ತಣ್ಣಗಿತ್ತು. ಖಾಜಾಸಾಬ ಡಬ್ಬಿಗಳ ರಾಶಿಯ ಪಕ್ಕ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ.

"ಇವತ್ತು ಹಬೆ ಹಚ್ಚಲಿಲ್ರಿ ಬಾಯಾರ," ಎಂದ. "ಹೆಪ್ಪು ಇಲ್ಲಂದಮ್ಯಾಲೆ ಯಾರಿಗೆ ಬೇಯಿಸ್ಲಿ ಅಂತ ಮನಸ್ಸಾಗಲಿಲ್ಲ."

ದಾಕ್ಷಾಯಣಿ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಖಾಜಾಸಾಬ ಗಾಬರಿಯಾದ.

ಅಂದಿನಿಂದ ಮಣ್ಣುಮನೆಯ ಮೇಜುಗಳ ಮೇಲೆಲ್ಲ ಸೀಸೆಗಳು. ಪ್ರತಿ ಸೀಸೆಯಲ್ಲೂ ವಿಷದ ನೀರು, ರೋಗ ಹಿಡಿದ ಹೊಲದ ಮಣ್ಣು, ಒಂದು ಮನೆಯ ಚಿಟಿಕೆ. ಮೇಲೆ ಮನೆಯ ಹೆಸರು. ಮೊದಮೊದಲು ಯಾವುದೂ ಅಲುಗಲಿಲ್ಲ. ದಾಕ್ಷಾಯಣಿ ಊಟ ಬಿಟ್ಟು ಕೂತಳು. ನಳಿಕೆ ಒಡೆದವಳು ಈಗ ಊರಿನ ಕಸ ಗುಡ್ಡೆ ಹಾಕಿಕೊಂಡು ಕೂತಿದ್ದಾಳೆ ಎಂದು ಜನ ಅಂದುಕೊಳ್ಳುತ್ತಿದ್ದರೆ ಅದು ಸುಳ್ಳೇನೂ ಆಗಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಖಾಜಾಸಾಬ ಅವಳನ್ನು ಕೂಗದೆ, ಸುಮ್ಮನೆ ಬಂದು ತೋಳು ಹಿಡಿದು ಒಂದು ಸೀಸೆಯ ಮುಂದೆ ನಿಲ್ಲಿಸಿದ. ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ತಳದಿಂದ ಎದ್ದು, ಮೇಲೆ ಬಂದು, ಒಡೆಯಿತು. ಅದರ ಹಿಂದೆ ಇನ್ನೊಂದು.

ಸೀಸೆಯ ಮೇಲಿದ್ದ ಹೆಸರು ಗುರುಸಿದ್ದಪ್ಪನವರದು. ಡಬ್ಬಿಯನ್ನು ಖಾಲಿಯಾಗಿ ಕೊಡಿ ಎಂದು ವರ್ಷವರ್ಷ ಪ್ರಕಟಣೆ ಹೊರಡಿಸಿದವರ ಮನೆಯ ಡಬ್ಬಿಯಲ್ಲಿ ಅವರ ಹೆಂಡತಿ ತಪ್ಪದೆ ಚಿಟಿಕೆ ಮಣ್ಣು ಹಾಕುತ್ತಿದ್ದರು. ಗುರುಸಿದ್ದಪ್ಪನವರನ್ನು ಕರೆಸಿ ತೋರಿಸಿದಾಗ ಅವರು ಬಗ್ಗಿ ಗುಳ್ಳೆ ನೋಡಿದರು. ಮನೆಯಲ್ಲಿ ಯಾರೂ ತಮ್ಮ ಮಾತು ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿ, ಕಣ್ಣು ಒರೆಸಿಕೊಂಡರು. ಮುಂದಿನ ದಿನಗಳಲ್ಲಿ ಇನ್ನೂ ಕೆಲವು ಮನೆಗಳ ಸೀಸೆ ಎಚ್ಚೆತ್ತವು. ಎಚ್ಚೆತ್ತವನ್ನೆಲ್ಲ ಒಂದೇ ಗಡಿಗೆಗೆ ಹಾಕಿ ಬೆಳೆಸಿದಾಗ ಬಂದ ಹೆಪ್ಪು ಬಿಡಿಬಿಡಿಯಾಗಿ ಇದ್ದುದಕ್ಕಿಂತ ಚುರುಕಾಗಿತ್ತು. ವೈರಸ್ ಅದರಲ್ಲಿ ಒಂದಿಷ್ಟನ್ನು ಕೊಲ್ಲುತ್ತಿತ್ತು, ಉಳಿದದ್ದು ಹೊಲ ಹಿಡಿಯುತ್ತಿತ್ತು.

ಸಂಗವ್ವನ ಸೀಸೆ ಮಾತ್ರ ಗುಳ್ಳೆ ಬಿಡಲಿಲ್ಲ. ದಿನವೂ ಸೊಸೆ ಮನೆಗೆ ಬರುತ್ತಲೇ ಅತ್ತೆ ನಮ್ಮನಿದು ಏನಾಯಿತು ಎಂದು ಕೇಳುವಳು. ಇನ್ನೂ ಇಲ್ಲ ಎಂದು ದಾಕ್ಷಾಯಣಿ ತಲೆ ತಗ್ಗಿಸುವಳು. ಒಂದು ದಿನ ಸುಳ್ಳು ಹೇಳೋಣವೆಂದುಕೊಂಡಳು, ಬಾಯಿ ಬರಲಿಲ್ಲ. ನಮ್ಮ ಪಾತಿಯ ಹೆಪ್ಪು ಸತ್ತಿದೆ ಎಂದು ಕೊನೆಗೆ ಹೇಳಿಯೇಬಿಟ್ಟಳು. ಸಂಗವ್ವ ಮೆಂತ್ಯೆ ಸೋಸುವುದನ್ನು ನಿಲ್ಲಿಸಲಿಲ್ಲ. ಹಾಗಾದರೆ ಗುರುಸಿದ್ದಪ್ಪನ ಮನೆಯಿಂದ ಒಂದು ಬಟ್ಟಲು ಮಣ್ಣು ಈಸಿಕೊಂಡು ಬಾ, ನಾಳೆ ನಾನು ಬಟ್ಟಲಿಗೆ ಏನಾದರೂ ಹಾಕಿ ಕಳಿಸುತ್ತೇನೆ ಎಂದಳು.

ಹೊಲ ಹಸಿರಾದದ್ದು ಒಮ್ಮೆಲೇ ಅಲ್ಲ. ಒಂದು ಮೂಲೆ ಮೊದಲು, ಆಮೇಲೆ ಕಾಲುವೆಯ ಬದಿ, ಆಮೇಲೆ ಉಳಿದದ್ದು. ತೆನೆ ಸಣ್ಣದಾಗಿತ್ತು, ಆದರೆ ಕಾಳು ಕಟ್ಟಿತು. ಬೇರೆ ನೆಲೆಗಳಿಗೆ ಹೋಗಲು ಕಟ್ಟಿದ್ದ ಗಂಟುಗಳನ್ನು ಜನ ಒಂದೊಂದಾಗಿ ಬಿಚ್ಚಿದರು.

ಮಣ್ಣವ್ವನ ಜಯಂತಿ ಬಂತು. ಪದ್ಧತಿಯಂತೆ ಆಕೆಯ ಜೀವನ, ಸಾಧನೆಗಳ ಬಗ್ಗೆ ಮಣ್ಣುಮನೆಯ ಮೇಲ್ವಿಚಾರಕಿ ಮಾತಾಡಬೇಕು. ಹಿಮಕೋಣೆಯ ಮುಂದೆ ಊರೆಲ್ಲ ಸೇರಿತ್ತು. ಬಾಗಿಲ ಒಳಗೆ ನಳಿಕೆ ಇಡುವ ಗೂಡು ಬರಿದಾಗಿ ಕಾಣುತ್ತಿತ್ತು. ದಾಕ್ಷಾಯಣಿ ಪ್ರತಿ ವರ್ಷ ಹೇಳುವ ಮಾತುಗಳನ್ನೇ ಹೇಳಲು ಶುರುಮಾಡಿದಳು: ಮೊಸರಿನ ಗಡಿಗೆ, ಬೆಳಗಿನ ರೈಲು, ಸುಟ್ಟುಹೋದ ಬೆಳೆ, ಕಹಿ ರೊಟ್ಟಿ.

ಸೆರಗಿನಿಂದ ಅವಳು ನಳಿಕೆಯನ್ನು ಹೊರತೆಗೆದಳು. ಒಡೆದ ಬಾಯನ್ನು ಬೆಂಕಿಗೆ ಹಿಡಿದು ನಯಮಾಡಿಸಿದ್ದಳು.

"ಇದನ್ನ ಮಣ್ಣವ್ವನ ಕಡೆಯಿಂದ ನಾ ತಗೊಂಡಿದ್ನಿ," ಎಂದಳು ದಾಕ್ಷಾಯಣಿ. "ತಿರುಗಿ ಕೊಡಬೇಕು. ಖಾಲಿ ಹೆಂಗ ಕೊಡ್ಲಿ?"

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಹೆಂಗಸರಿಗೆ. ಒಬ್ಬೊಬ್ಬರೇ ಮನೆಗೆ ಹೋಗಿ ಬಂದರು, ಮುಷ್ಟಿ ಬಿಗಿಹಿಡಿದುಕೊಂಡು. ನಳಿಕೆ ಎಷ್ಟು ಸಣ್ಣದೆಂದರೆ ಚಿಟಿಕೆಯೂ ಹೆಚ್ಚು. ಉಗುರಿನ ತುದಿಯಲ್ಲಿ ಹಿಡಿಯುವಷ್ಟೇ ಮಣ್ಣು, ಮನೆಗೊಂದು. ಖಾಜಾಸಾಬ ಹಾಕಿದ. ಗುರುಸಿದ್ದಪ್ಪನವರ ಹೆಂಡತಿ ಹಾಕಿದರು, ಪಕ್ಕದಲ್ಲಿ ಗುರುಸಿದ್ದಪ್ಪನವರು ಕೈಕಟ್ಟಿ ನಿಂತಿದ್ದರು. ಎಲ್ಲರಿಗಿಂತ ಹಿಂದೆ ಸಂಗವ್ವ ನಿಂತಿದ್ದಳು, ಮುಷ್ಟಿ ಬಿಚ್ಚದೆ.

"ನಮ್ಮದು ಸತ್ತ ಮಣ್ಣಲ್ಲೇನವಾ," ಎಂದಳು.

ದಾಕ್ಷಾಯಣಿ ಅತ್ತೆಯ ಮುಷ್ಟಿ ತಾನೇ ಬಿಚ್ಚಿದಳು. ಬೆಚ್ಚಗಿದ್ದ ಆ ಮಣ್ಣನ್ನು ಮೂಸಿ ನೋಡಿ, ಉಗುರಿನ ತುದಿಯಲ್ಲಿ ತೆಗೆದು, ಎಲ್ಲರ ಮಣ್ಣಿನ ಮೇಲೆ ಹಾಕಿದಳು. ಆಮೇಲೆ ಸೆರಗಿನ ಗಂಟಿನಿಂದ ಒಂದು ಬೆಲ್ಲದ ಚೂರು ತೆಗೆದು ಸಂಗವ್ವನ ಅಂಗೈಯಲ್ಲಿ ಇಟ್ಟಳು.

"ನಿಮ್ಮನಿ ಮಣ್ಣು ಮುಟ್ಟೇತ್ರಿ ಅತ್ಯಾರ," ಎಂದಳು.